ಪರಂಗಿ ದಿಬ್ಬದ ಸಮಾಧಿಗಳು

ಮುಐದರ್, ಕತಾರ್
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಮಟಿಲ್ಡಾ,

ನಿನ್ನ ಕಾಗದ ನನ್ನ ಕೈಸೇರಿದ್ದು ಮೇ ತಿಂಗಳಲ್ಲಿ. ಈಗ ನವೆಂಬರ್ ಅರ್ಧ ಕಳೆಯಿತು. ಇಷ್ಟು ದಿನ ಸುಮ್ಮನಿದ್ದವಳು ಯಾವ ಮುಖದಿಂದ ಕ್ಷಮೆ ಕೇಳಲಿ? ಆದರೂ ಕೇಳುತ್ತಿದ್ದೇನೆ. ನಡುವೆ ಎರಡು ಸಲ ಫೋನ್ ಮಾಡಿದ್ದೆ. ನೀನು "ಯಾರು? ಯಾರು ಮಾತಾಡ್ತಿರೋದು?" ಎಂದು ಕೂಗಿದೆ. ನಾನು ಹೆಸರು ಹೇಳಿದೆ, ನಿನಗೆ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳುವ ಧೈರ್ಯ ಬರದೆ ಇಟ್ಟುಬಿಟ್ಟೆ. ಕಿವಿಯ ಮಿಷನ್ ಸರಿ ಮಾಡಿಸಿಕೊಂಡೆಯಾ? ಮಂಡಿಗೆ ಎಣ್ಣೆ ಹಚ್ಚುತ್ತಿದ್ದೀಯಾ, ಇಲ್ಲ ಬಾಟಲಿಯನ್ನು ಕಿಟಕಿಯ ಮೇಲಿಟ್ಟು ನೋಡುತ್ತಿದ್ದೀಯಾ?

ಇಲ್ಲಿ ನಾವು ಕ್ಷೇಮ. ಐದು ತಿಂಗಳ ಬಿಸಿಲು ಮುಗಿದು ಮೊನ್ನೆಯಿಂದ ಕಿಟಕಿ ತೆರೆಯುವ ಹಾಗಾಗಿದೆ. ಗಿರಿಧರ್‌ಗೆ ಕಂಪನಿಯಲ್ಲಿ ಹೊಸ ಪ್ರಾಜೆಕ್ಟ್, ಸೊಸೆ ಸಹನಾ ಬೆಳಿಗ್ಗೆ ಆರಕ್ಕೇ ಕೆಲಸಕ್ಕೆ ಹೊರಡುತ್ತಾಳೆ. ಒಂದು ದೊಡ್ಡ ವಿಲ್ಲಾವನ್ನು ಗೋಡೆ ಹಾಕಿ ನಾಲ್ಕು ಮನೆ ಮಾಡಿದ್ದಾರೆ, ನಮ್ಮದು ಹಿಂದಿನ ಭಾಗ. ಗೋಡೆಯಾಚೆ ಪುತ್ತೂರು ಕಡೆಯ ಅಸೀಫಾ ಎಂಬ ಹೆಂಗಸು ಇದ್ದಾಳೆ. ಕ್ಲಿನಿಕ್ಕೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ಹಗಲಿಡೀ ನಾನೊಬ್ಬಳೇ ಇರುತ್ತೇನೆಂದು ಆಗಾಗ ಬಂದು ಮಾತಾಡಿಸಿ ಹೋಗುತ್ತಾಳೆ. ಈ ಕಾಗದ ನಿನ್ನನ್ನು ಮುಟ್ಟಿದರೆ ಅದು ಅವಳಿಂದಲೇ.

ನಿನ್ನ ಕಾಗದವನ್ನು ಎಷ್ಟು ಸಲ ಬಿಡಿಸಿದ್ದೇನೆಂದರೆ ಮಡಿಕೆಯ ಹತ್ತಿರ ಹರಿದುಹೋಗಿದೆ. ನೀನು ಬರೆದದ್ದನ್ನೇ ನಿನಗೆ ತಿರುಗಿ ಬರೆಯುವುದು ಹುಚ್ಚುತನ. ಆದರೆ ಅದನ್ನು ಒಂದು ಸಲವಾದರೂ ನನ್ನ ಕೈಯಿಂದ ಬರೆಯದೆ ಮುಂದಿನದನ್ನು ಬರೆಯಲಾರೆ.

ಮಾರ್ಚ್ ಹನ್ನೊಂದರ ಬೆಳಿಗ್ಗೆ, ಪೂಜೆ ಮುಗಿದು ನೀವೆಲ್ಲ ಹೊರಗೆ ಬರುವಾಗ, ಸಂತ ಅನ್ನಮ್ಮನ ದೇವಾಲಯದ ಹಿಂದೆ ಎರಡು ಜೆಸಿಬಿ ನಿಂತಿದ್ದವು. ಪೊಲೀಸರಿದ್ದರು, ತಾಲ್ಲೂಕು ಕಚೇರಿಯವರಿದ್ದರು, ಊರಿನ ಹುಡುಗರಿದ್ದರು. ಪರಂಗಿ ದಿಬ್ಬ ಸರ್ಕಾರಿ ಗೋಮಾಳ, ಒತ್ತುವರಿ ಆಗಿದೆ, ತೆರವು ಮಾಡುತ್ತಿದ್ದೇವೆ ಎಂದು ಒಂದು ಹಾಳೆ ಓದಿದರು. ಮೊದಲು ಶಿಲುಬೆಗಳನ್ನು ಕಿತ್ತು ಒಂದು ಕಡೆ ರಾಶಿ ಹಾಕಿದರು. ಆಮೇಲೆ ದಿಬ್ಬವನ್ನೇ ಮಟ್ಟ ಮಾಡತೊಡಗಿದರು. ಮೇಲಿನ ಮಣ್ಣು ಸರಿದ ಕೂಡಲೇ ಮೂಳೆಗಳು ಕಾಣಿಸಿಕೊಂಡವು. ನಿನ್ನ ತಮ್ಮ ಮಾರಿಸ್, ನಲವತ್ತು ವರ್ಷ ಉಪದೇಶಿಯಾಗಿ ಮಕ್ಕಳಿಗೆ ಜಪ ಕಲಿಸಿ, ಆ ದಿಬ್ಬವನ್ನು ಗುಡಿಸಿದವನು, ಯಾರ ಮೇಲೂ ಕೂಗಾಡಲಿಲ್ಲ. ಒಳಗೆ ಹೋಗಿ ಬಲಿಪೀಠಕ್ಕೆ ಹಾಸುವ ಬಿಳಿ ಬಟ್ಟೆ ತಂದು ಜೆಸಿಬಿಯ ಮುಂದೆಯೇ ಕುಕ್ಕುರುಗಾಲಲ್ಲಿ ಕೂತು ಒಂದೊಂದೇ ಆರಿಸತೊಡಗಿದ. "ಎದ್ದೇಳಪ್ಪ ಮುದುಕ" ಎಂದು ಯಾರೋ ರಟ್ಟೆ ಹಿಡಿದು ಎಳೆದರು. ಮತ್ತೆ ಹೋಗಿ ಕೂತ. ಸಂಜೆಯವರೆಗೆ ಕೂತ. ಮೂರನೆಯ ದಿನ ಎದೆ ಹಿಡಿದುಕೊಂಡು ಬಿದ್ದವನು ಆಸ್ಪತ್ರೆ ಮುಟ್ಟಲಿಲ್ಲ. ಹೆಂಡತಿಯ ಪಕ್ಕದಲ್ಲಿ ಅವನಿಗೆಂದು ಬಿಟ್ಟ ಜಾಗದ ಸುತ್ತ ಅಷ್ಟರಲ್ಲಿ ತಂತಿಬೇಲಿ ಬಂದಿತ್ತು. ಹದಿನೆಂಟು ಮೈಲಿ ದೂರ ಟೌನಿನ ಸ್ಮಶಾನದಲ್ಲಿ, ಪರಿಚಯವೇ ಇಲ್ಲದವರ ನಡುವೆ ಮಣ್ಣು ಮಾಡಿ ಬಂದಿರಿ.

ಕೊನೆಯಲ್ಲಿ ನೀನು ಬರೆದಿದ್ದೆ: "ನಮ್ಮ ಜನ ಎಷ್ಟು ಹೇಳಿದರೂ ಅವರದು ಸ್ವಾರ್ಥದ ಮಾತು ಅಂತಾರೆ ಲಲಿತಾ. ಹೊರಗಿನವರು ಒಬ್ಬರು ಹೇಳಬೇಕಂತೆ. ಶಾನುಭೋಗರ ಮನೆಯವಳು ನೀನು, ಹೆಡ್‌ಮಿಸ್ಟ್ರೆಸ್ ಆಗಿದ್ದವಳು. ದಿಬ್ಬದ ಚರಿತ್ರೆ ನಿನ್ನಜ್ಜಿಯಿಂದ ಕೇಳಿದ್ದೆಲ್ಲ ಬರೆದು ಕಳಿಸು. ಅಲ್ಲಿ ಸಮಾಧಿನೇ ಇರಲಿಲ್ಲ ಅಂತ ಊರಿನ ಹಿರಿಯರು ಹೇಳಿಕೆ ಕೊಟ್ಟಿದ್ದಾರೆ ಅಂತ ಆದೇಶದಲ್ಲಿದೆ. ಯಾರಪ್ಪ ಆ ಹಿರಿಯರು, ಯಾವ ಬಾಯಲ್ಲಿ ಹೇಳಿದರೋ."

ಕೇಳಿದ್ದನ್ನು ಬರೆಯುತ್ತೇನೆ.

ನನ್ನಜ್ಜಿ ಹೇಳುತ್ತಿದ್ದ ಹಾಗೆ, ಹೊಂಗೆಕಟ್ಟೆಗೆ ಮೊದಲು ಬಂದದ್ದು ಪಾದ್ರಿಗಳಲ್ಲ, ರೇಷ್ಮೆಯವರು. ಫ್ರಾನ್ಸ್ ದೇಶದಲ್ಲಿ ಹುಳುಗಳಿಗೆ ಏನೋ ರೋಗ ಬಂದು ಸಾಯುತ್ತಿದ್ದವಂತೆ. ಒಳ್ಳೆಯ ಮೊಟ್ಟೆ ಹುಡುಕಿಕೊಂಡು ಬೋನಾಮಿ ಎಂಬ ದೊರೆ, ಅವನ ತಮ್ಮ, ಹೆಂಡತಿ, ಮೂವರು ಗಾಡಿ ಕಟ್ಟಿಕೊಂಡು ಬಂದು ನಮ್ಮೂರಿನಲ್ಲಿ ಇಳಿದರು. ಹಿಪ್ಪುನೇರಳೆ ನೆಟ್ಟರು. ಹುಳು ಸಾಕಲು ಉದ್ದನೆಯ ಮನೆ ಕಟ್ಟಿಸಿದರು. ಬೆಳಕು ಕಡಿಮೆ ಬರಲೆಂದು ಕಿಟಕಿಗಳನ್ನು ಸೂರಿನ ಕೆಳಗೇ ಇಟ್ಟರು. ನಾವಿಬ್ಬರೂ ಮೊದಲು ಓದಿ ಆಮೇಲೆ ಇಪ್ಪತ್ತಾರು ವರ್ಷ ಪಾಠ ಮಾಡಿದ್ದು ಅದರ ಒಂದು ತುದಿಯಲ್ಲಿ, ನೀವು ಪೂಜೆ ಕೇಳಿದ್ದು ಇನ್ನೊಂದು ತುದಿಯಲ್ಲಿ. ಆ ಕಿಟಕಿಗಳಿಂದ ಹೊರಗೆ ಇಣುಕಲಾಗದೆ ನಮ್ಮ ಮಕ್ಕಳು ಎಷ್ಟು ಒದ್ದಾಡುತ್ತಿದ್ದವು! ಹುಳುಗಳಿಗಾಗಿ ಕಟ್ಟಿದ ಮನೆ ಎಂದರೆ ಯಾವ ಮಗುವೂ ನಂಬುತ್ತಿರಲಿಲ್ಲ.

ಎಂಟು ವರ್ಷ ಹೇಗೋ ನಡೆಯಿತು. ರೋಗ ಇಲ್ಲಿಗೂ ಬಂತು. ತಮ್ಮ ಹಡಗು ಹತ್ತಿ ಹೋದ. ಗಂಡ ಹೆಂಡತಿ ಹೊರಡುವ ಸಿದ್ಧತೆಯಲ್ಲಿದ್ದಾಗ ಧಾತು ಸಂವತ್ಸರದ, ಅಂದರೆ ೧೮೭೬ರ, ಬರ ಬಿತ್ತು. ಆ ಹೆಂಗಸಿನ ಹೆಸರು ಕ್ಲೆಮಾನ್ಸ್. ಊರಿನವರ ಬಾಯಲ್ಲಿ ಕಿಲಿಮಾನಮ್ಮ. ಅವಳು ಕಟ್ಟಿಟ್ಟ ಪೆಟ್ಟಿಗೆಗಳನ್ನು ಬಿಚ್ಚಿಸಿ, ಗೂಡು ಬೇಯಿಸುತ್ತಿದ್ದ ತಾಮ್ರದ ಹಂಡೆಗಳನ್ನು ಉಜ್ಜಿಸಿ ಗಂಜಿ ಕಾಯಿಸಿದಳು. ಸುತ್ತಿನ ಮೂವತ್ತು ಹಳ್ಳಿಯ ಜನ ಬಂದು ಹುಳು ಸಾಕುವ ತಟ್ಟೆಗಳ ನಡುವೆ ಮಲಗಿದರು. ಯಾರ ಜಾತಿ ಏನು, ಯಾರು ತುರುಕರು ಯಾರು ಒಕ್ಕಲಿಗರು ಎಂದು ಕೇಳುವ ಸ್ಥಿತಿ ಇರಲಿಲ್ಲ. ನನ್ನಜ್ಜಿ ಹೇಳುತ್ತಿದ್ದಳು, "ಗಂಜಿ ಕೊಟ್ಟೋಳು ಹೆಸರು ಕೇಳಲಿಲ್ಲ ಕಣೆ. ಹೆಸರು ಕೇಳಿದ್ದು ಆಮೇಲೆ ಬಂದ ಪಾದ್ರಿ." ಅವಳ ಮಾತಿನಲ್ಲಿ ಪಾದ್ರಿಯ ಮೇಲೆ ಕೊಂಚ ಕೊಂಕು ಇತ್ತು, ಕಿಲಿಮಾನಮ್ಮನ ಮೇಲೆ ಎಳ್ಳಷ್ಟೂ ಇರಲಿಲ್ಲ.

ಮರುವರ್ಷ ವಾಂತಿಭೇದಿ. ದಿನಕ್ಕೆ ಐದು, ಏಳು, ಹತ್ತು. ಸುಡಲು ಸೌದೆಯಿಲ್ಲ, ಹೊರಲು ಶಕ್ತಿ ಇರುವವರಿಲ್ಲ. ರೇಷ್ಮೆ ಮನೆಯ ಹಿಂದಿನ ದಿಬ್ಬದಲ್ಲಿ ಉದ್ದಕ್ಕೆ ಕಂದಕ ತೋಡಿ ಹೂಳತೊಡಗಿದರು. ಆ ತಿಂಗಳ ಕೊನೆಯಲ್ಲಿ ಕಿಲಿಮಾನಮ್ಮನೂ ಹೋದಳು. ತನ್ನನ್ನು ಬೇರೆ ಇಡಬೇಡಿ ಎಂದಿದ್ದಳಂತೆ. ಅವಳನ್ನೂ ಅದೇ ಸಾಲಿನಲ್ಲಿ ಇಟ್ಟರು. ಮೇಲೆ ಕಲ್ಲಿಲ್ಲ, ಹೆಸರಿಲ್ಲ. ಬೋನಾಮಿ ತನ್ನ ದೇಶಕ್ಕೆ ಹಿಂತಿರುಗಲಿಲ್ಲ. ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನೆಲ್ಲ ಸುಟ್ಟುಹಾಕಿದ. ಅವುಗಳನ್ನಿಡುತ್ತಿದ್ದ ಅಟ್ಟಣಿಗೆಯ ಮರದಿಂದ ಬಲಿಪೀಠ ಮಾಡಿಸಿದ. ಶ್ರೀರಂಗಪಟ್ಟಣದಿಂದ ಅವನ ಊರಿನವನೇ ಆದ ಒಬ್ಬ ಪಾದ್ರಿಯನ್ನು ಕರೆತಂದು ಮನೆಯನ್ನೂ ದಿಬ್ಬವನ್ನೂ ಬಿಟ್ಟುಕೊಟ್ಟ. ಅದು ಸಂತ ಅನ್ನಮ್ಮನ ದೇವಾಲಯವಾಯಿತು. ಗಂಜಿ ಕುಡಿದು ಉಳಿದವರಲ್ಲಿ ಕೆಲವರು ಅಲ್ಲೇ ನಿಂತರು. ನಿಮ್ಮ ಮುತ್ತಜ್ಜ ಹಾಗೆ ಉಳಿದವರಲ್ಲೊಬ್ಬ. ಬೋನಾಮಿ ಅವರಿಗೆ ನೂಲು ಬಿಚ್ಚುವುದನ್ನು ಕಲಿಸುತ್ತ ಇನ್ನೂ ಇಪ್ಪತ್ತನಾಲ್ಕು ವರ್ಷ ಬದುಕಿ, ಅದೇ ದಿಬ್ಬ ಸೇರಿದ.

ಇಷ್ಟು ಎಲ್ಲರಿಗೂ ಗೊತ್ತಿರುವುದು. ಎಲ್ಲರಿಗೂ ಗೊತ್ತಿಲ್ಲದ ಒಂದು ಸಂಗತಿಯನ್ನು ನಿನಗೂ ನಾನು ಹೇಳಿಲ್ಲ.

ಬರದ ವರ್ಷ ಊರಿನ ಶಾನುಭೋಗರಾಗಿದ್ದವರು ನನ್ನ ಮುತ್ತಜ್ಜ. ನಮ್ಮ ಮನೆಯ ಕಣಜವೂ ಖಾಲಿಯಾಗಿತ್ತು, ಆದರೆ ಹೊರಗೆ ಹೇಳುವ ಹಾಗಿರಲಿಲ್ಲ. ಅವರಿಗೆ ಆರು ವರ್ಷದ ಮಗಳಿದ್ದಳು, ವೆಂಕಮ್ಮ. ಗಂಜಿಯ ವಾಸನೆ ಹಿಡಿದು ಒಂದು ದಿನ ಹಿತ್ತಿಲಿನಿಂದ ಓಡಿಹೋಗಿ ಸಾಲಿನಲ್ಲಿ ಕೂತಳು. ಮರುದಿನವೂ ಹೋದಳು. ನಾಲ್ಕನೆಯ ದಿನ ಮನೆಯವರು ಬಾಗಿಲು ತೆಗೆಯಲಿಲ್ಲ. ಪರಂಗಿಯ ಹಂಡೆಯಲ್ಲಿ ಉಂಡವಳು ಒಳಗೆ ಬರುವ ಹಾಗಿಲ್ಲ ಎಂದರು. ಮಗು ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತಿದ್ದು, ತಿರುಗಿ ರೇಷ್ಮೆ ಮನೆಗೆ ಹೋಯಿತು. ಹನ್ನೆರಡು ದಿನ ಕಿಲಿಮಾನಮ್ಮನ ಸೆರಗು ಹಿಡಿದು ಓಡಾಡಿಕೊಂಡಿತ್ತಂತೆ. ವಾಂತಿಭೇದಿ ಬಂದಾಗ ಸುದ್ದಿ ಕಳಿಸಿದರು. ಮನೆಯಿಂದ ಯಾರೂ ಹೋಗಲಿಲ್ಲ.

ಸತ್ತವರ ಲೆಕ್ಕ ಸರ್ಕಾರಕ್ಕೆ ಕೊಡಬೇಕಾದವರು ಶಾನುಭೋಗರು. ಅವರ ಕಡತ ನಮ್ಮ ಮನೆಯಲ್ಲಿ ಉಳಿದಿದೆ. ಶಾನುಭೋಗರ ಕೂಡುಬರಹದ ಮೋಡಿ ಅಕ್ಷರ, ಆದರೂ ನನ್ನ ತಂದೆ ಓದಿಸಿದ್ದರು. "ಪರಂಗಿಯವರ ರೇಷ್ಮೆ ಮನೆ ಹಿಂದಣ ದಿಣ್ಣೆಯಲ್ಲಿ ಹೂಳಿದ ಹೆಣ" ಎಂದು ತಲೆಬರಹ, ಕೆಳಗೆ ಊರು, ಗಂಡು, ಹೆಣ್ಣು, ಮಗು ಎಂದು ಸಾಲಾಗಿ. ಒಟ್ಟು ಇನ್ನೂರ ಹತ್ತು ಎಂದು ಬರೆದು ಗೆರೆ ಎಳೆದಿದ್ದಾರೆ. ಗೆರೆಯ ಕೆಳಗೆ, ಬೇರೆ ಶಾಯಿಯಲ್ಲಿ, ಎಷ್ಟೋ ದಿನ ಬಿಟ್ಟು ಬರೆದ ಹಾಗೆ ಒಂದು ಸಾಲು: "ನಮ್ಮ ಮನೆಯದೂ ಒಂದು."

ನನ್ನಜ್ಜಿ ಆ ಮನೆಗೆ ಸೊಸೆಯಾಗಿ ಬಂದವಳು. ನಾನು ಶಾಲೆಯಿಂದ ಬಂದರೆ ಹಿತ್ತಿಲಲ್ಲೇ ಬಟ್ಟೆ ಬದಲಿಸಿ, ತಲೆಗೆ ನೀರು ಹಾಕಿ ಒಳಗೆ ಬಿಡುತ್ತಿದ್ದಳು, ನಿನಗೆ ನೆನಪಿದೆಯಲ್ಲ, ನೀನು ಬೇಲಿಯಾಚೆ ನಿಂತು ನಗುತ್ತಿದ್ದೆ. ಅದೇ ಅಜ್ಜಿ ಪ್ರತಿ ವರ್ಷ ನವೆಂಬರ್ ಎರಡರಂದು, ನೀವು ದಿಬ್ಬಕ್ಕೆ ಮೇಣದ ಬತ್ತಿ ಒಯ್ಯುವ ದಿನ, ನನ್ನ ಕೈಯಲ್ಲಿ ಒಂದು ಬುಟ್ಟಿ ಸೇವಂತಿಗೆ ಕೊಟ್ಟು ಕಳಿಸುತ್ತಿದ್ದಳು. ಯಾರಿಗೆ ಎಂದರೆ ಹೇಳುತ್ತಿರಲಿಲ್ಲ. ಮಾರಿಸ್ ಉಪದೇಶಿಯಾದ ಮೇಲೆ, ದಿಬ್ಬದ ಮೇಲೆ ನಿಂತು ಪಾದ್ರಿಯ ಪುಸ್ತಕದಲ್ಲಿದ್ದ ಪಟ್ಟಿಯನ್ನು ಬಾಯಿಪಾಠ ಒಪ್ಪಿಸುತ್ತಿದ್ದನಲ್ಲ. "ಹೆಸರು ಗೊತ್ತಿಲ್ಲದ ಹೆಂಗಸು, ನಿತ್ಯ ವಿಶ್ರಾಂತಿ. ಹೆಸರು ಗೊತ್ತಿಲ್ಲದ ಮಗು, ನಿತ್ಯ ವಿಶ್ರಾಂತಿ." ಒಟ್ಟಿಗೆ ಹೇಳಿ ಮುಗಿಸು ಎಂದು ಎಷ್ಟು ಜನ ಬೈದರೂ ಕೇಳುತ್ತಿರಲಿಲ್ಲ. ಒಬ್ಬೊಬ್ಬರನ್ನೇ ಹೇಳಬೇಕು. ಮುಕ್ಕಾಲು ಗಂಟೆ ಆಗುತ್ತಿತ್ತು. ಆ ಮಕ್ಕಳಲ್ಲಿ ಒಂದರ ಹೆಸರು ನನಗೆ ಗೊತ್ತಿತ್ತು ಮಟಿಲ್ಡಾ. ಅಷ್ಟು ವರ್ಷ ಅವನ ಪಕ್ಕದಲ್ಲಿ ನಿಂತು ನಾನು ಅದನ್ನು ಹೇಳಲಿಲ್ಲ. ನಮ್ಮ ಮನೆಯ ಮರ್ಯಾದೆ ಎಂದುಕೊಂಡಿದ್ದೆ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಯಾರಪ್ಪ ಆ ಹಿರಿಯರು ಎಂದು ಕೇಳಿದ್ದೆಯಲ್ಲ. ಅದು ನಾನು.

ಫೆಬ್ರವರಿ ಆರನೆಯ ತಾರೀಕು. ಎಂಟನೆಯ ತಾರೀಕಿಗೆ ನನ್ನ ವಿಮಾನ. ನನ್ನ ತಂಗಿಯ ಮಗ ಮುದ್ದುಕೃಷ್ಣ ಮನೆಗೆ ಬಂದ. ಯಜಮಾನರು ಹೋದಾಗ ಆಂಬುಲೆನ್ಸಿನಿಂದ ಹಿಡಿದು ಹದಿಮೂರನೆಯ ದಿನದವರೆಗೆ ಎಲ್ಲ ನೋಡಿಕೊಂಡವನು ಅವನೇ ಎಂಬುದು ನಿನಗೆ ಗೊತ್ತು. ನಾನಿಲ್ಲದಾಗ ಮನೆಯ ಬೀಗದ ಕೈ ಅವನ ಹತ್ತಿರ ಇರಬೇಕಿತ್ತು. "ದೊಡ್ಡಮ್ಮ, ದಿಬ್ಬದ ವಿಚಾರ ತಾಲ್ಲೂಕು ಆಫೀಸಲ್ಲಿ ನಡೀತಿದೆ. ಊರಿಗೆ ಒಂದು ಸಮುದಾಯ ಭವನ ಆಗಬೇಕು. ಶಾನುಭೋಗರ ಮನೆಯವರು ಹೇಳಿದ್ರೆ ಅದಕ್ಕೊಂದು ತೂಕ. ಒಂದು ಸೈನು, ಅಷ್ಟೆ" ಎಂದ. ಕನ್ನಡಕ ಎಲ್ಲೋ ಪೆಟ್ಟಿಗೆಯೊಳಗೆ ಸೇರಿಹೋಗಿತ್ತು. ಅವನು ಅವಸರ ಮಾಡಿದ. ಏನಿದೆ ಎಂದು ನೋಡದೆ ಸಹಿ ಹಾಕಿದೆ. ಆಮೇಲೆ ಅವನು, "ಮುತ್ತಜ್ಜನ ಕಡತ ಏನಾದ್ರೂ ಇದೆಯಾ?" ಎಂದು ಕೇಳಿದ. ಗೆದ್ದಲು ತಿಂದುಹೋಯಿತು ಎಂದೆ. ಅದು ಸುಳ್ಳು. ಅದನ್ನು ರೇಷ್ಮೆ ಸೀರೆಯೊಳಗೆ ಸುತ್ತಿ ಇಲ್ಲಿಗೆ ತಂದೆ. ಅದನ್ನಾದರೂ ಉಳಿಸಿದೆನಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವಾಗಿ ಉಳಿಸಲೆಂದು ತಂದೆನೋ, ಯಾರ ಕೈಗೂ ಸಿಗದಿರಲೆಂದು ತಂದೆನೋ, ಈಗ ಕೇಳಿಕೊಂಡರೆ ಉತ್ತರ ಬರುವುದಿಲ್ಲ.

ನಿನ್ನ ಕಾಗದ ಬಂದ ದಿನವೇ ಬರೆಯಬೇಕಿತ್ತು. ಬರೆಯಲಿಲ್ಲ. ಮೇ ಹೋಯಿತು, ಜೂನ್ ಹೋಯಿತು. ಮಾರಿಸ್ ಹೋದನಲ್ಲ, ಇನ್ನು ಬರೆದು ಏನು ಎಂದುಕೊಂಡೆ. ಈ ತಿಂಗಳ ಎರಡನೆಯ ತಾರೀಕು ಮಾರಿಸನ ಮಗ ಚೌರಪ್ಪ ಗಿರಿಧರನ ಫೋನಿಗೆ ಒಂದು ಫೋಟೋ ಕಳಿಸಿದ. ಇಬ್ಬರೂ ಕ್ಲಾಸ್‌ಮೇಟ್‌ಗಳಲ್ಲವೇ. ತಂತಿಬೇಲಿಯ ಹೊರಗೆ ನೀವೆಲ್ಲ ಮೇಣದ ಬತ್ತಿ ಹಿಡಿದು ನಿಂತಿದ್ದೀರಿ. ನೀನು ಕುರ್ಚಿಯಲ್ಲಿ ಕೂತಿದ್ದೀಯ. ಒಳಗೆ ಕೆಂಪು ಮಣ್ಣು, ಕ್ರಿಕೆಟ್ ಪಿಚ್ಚಿನ ಹಾಗೆ ಸಪಾಟು. ಡಿಸೆಂಬರ್ ಹತ್ತಕ್ಕೆ ಕೋರ್ಟಿನಲ್ಲಿ ವಿಚಾರಣೆ, ಹೇಳಿಕೆಗಳ ನಕಲು ಕೇಳಿ ವಕೀಲರು ಅರ್ಜಿ ಹಾಕಿದ್ದಾರೆ ಎಂದು ಕೆಳಗೆ ಬರೆದಿದ್ದ. ನಕಲು ಬಂದರೆ ನನ್ನ ಹೆಸರು ನಿನಗೆ ಗೊತ್ತಾಗುತ್ತದೆ. ಅದಕ್ಕೇ ಈಗ ಹೇಳುತ್ತಿದ್ದೇನೆಯೋ? ಇರಬಹುದು. ಹಾಗೆ ನೀನು ಅಂದುಕೊಂಡರೆ ಅಲ್ಲ ಎನ್ನಲು ನನ್ನ ಬಳಿ ಏನೂ ಇಲ್ಲ.

ಫೋಟೋ ನೋಡಿದ ಸಂಜೆಯೇ ಗಿರಿಧರ್‌ಗೆ ಎಲ್ಲ ಹೇಳಿದೆ. ಅವನು ಟಿವಿ ಆರಿಸಿದ.

"ನೀನು ಸೈನ್ ಹಾಕಿದ್ದೀಯಾ? ನೀನಾ?"

"ಹೂಂ."

"ಚೌರಿಗೆ ಗೊತ್ತಾ?"

"ಯಾರಿಗೂ ಗೊತ್ತಿಲ್ಲ. ಹೇಳಬೇಕು. ಕೋರ್ಟಿಗೂ ಹೇಳಬೇಕು."

ಅವನು ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದ. "ಅಮ್ಮ, ಪ್ಲೀಸ್. ನಿನಗೀಗ ಎಪ್ಪತ್ತಮೂರು. ಸುಳ್ಳು ಹೇಳಿಕೆ ಕೊಟ್ಟೆ ಅಂತ ನೀನೇ ಬರೆದುಕೊಟ್ರೆ ನಿನ್ನ ಮೇಲೇ ಕೇಸ್ ಆಗತ್ತೆ. ಊರಲ್ಲಿ ಮುದ್ದು ಸುಮ್ನೆ ಇರ್ತಾನಾ? ನಾನು ಇಲ್ಲಿ ಕೆಲಸ ಬಿಟ್ಟು ಅಲ್ಲಿ ಕೋರ್ಟ್ ಸುತ್ಲಾ?"

ಸಹನಾ ಮೆಲ್ಲಗೆ ಅಂದಳು, "ನೀವೂ ಅದೇ ಸ್ಕೂಲಲ್ಲಿ ಓದಿದ್ದಲ್ವಾ ಗಿರಿ."

"ಓದಿದ್ದೆ. ಅದಕ್ಕೆ?" ಎಂದು ಗದರಿಸಿದ. ಆದರೆ ಆಮೇಲೆ ಬಾಲ್ಕನಿಗೆ ಹೋಗಿ ಬಹಳ ಹೊತ್ತು ಫೋನಿನಲ್ಲಿ ಆ ಫೋಟೋವನ್ನೇ ದೊಡ್ಡದು ಮಾಡಿ ನೋಡುತ್ತ ನಿಂತಿದ್ದ. ಅವನಿಗೆ ಫುಟ್‌ಬಾಲ್ ಕಲಿಸಿದ್ದು ಮಾರಿಸನೇ.

ಮೂರು ದಿನ ನಮ್ಮಿಬ್ಬರಿಗೆ ಮಾತಿಲ್ಲ. ನಾಲ್ಕನೆಯ ದಿನ ಅವನೇ ಬೆಂಗಳೂರಿನ ಒಬ್ಬ ವಕೀಲ ಸ್ನೇಹಿತನಿಂದ ಪ್ರಮಾಣಪತ್ರ ಬರೆಸಿ ತರಿಸಿಕೊಟ್ಟ. ಮುತ್ತಜ್ಜನ ಕಡತ, ವೆಂಕಮ್ಮನ ವಿಷಯ, ನಾನು ಬಾಲ್ಯದಿಂದ ನೋಡಿದ ಸಮಾಧಿಗಳು, ಎಲ್ಲ ಬಂದಿವೆ. "ಹಿಂದಿನ ಹೇಳಿಕೆಗೆ ಅದರಲ್ಲಿದ್ದುದನ್ನು ಓದದೆ ಸಹಿ ಮಾಡಿರುತ್ತೇನೆ" ಎಂದೂ ಇದೆ. ಅದು ಇರಲೇಬೇಕು, ಅದಿಲ್ಲದಿದ್ದರೆ ಕೋರ್ಟು ನನ್ನನ್ನೇ ನಂಬುವುದಿಲ್ಲ, ಒಮ್ಮೆ ಹಾಗೆ ಒಮ್ಮೆ ಹೀಗೆ ಹೇಳುವ ಮುದುಕಿ ಅನ್ನುತ್ತಾರೆ ಎಂದು ವಕೀಲರು ಹೇಳಿದರಂತೆ. ಆದರೆ ಎಂಬೆಸಿಗೆ ಕರೆದೊಯ್ಯುವುದಿಲ್ಲ ಎಂದ ಗಿರಿಧರ್. "ಪೇಪರ್ ತರಿಸಿಕೊಟ್ಟೆ. ಸೈನ್ ಹಾಕಿಸೋಕೆ ನನ್ನ ಕರೀಬೇಡ."

ಟ್ಯಾಕ್ಸಿ ಹೇಗೆ ಕರೆಯುವುದೆಂದು ಅಸೀಫಾಳನ್ನು ಕೇಳಿದೆ. ಅವಳಿಗೆ ಎಲ್ಲ ಹೇಳಬೇಕಾಯಿತು. ಮೂಳೆಯ ವಿಷಯ ಬಂದಾಗ ಅವಳು ತಟ್ಟನೆ ಕೂತಳು. "ನಮ್ಮ ಖಬರಸ್ಥಾನದಲ್ಲಿ ಹಾಗೆ ಮಾಡಿದ್ರೆ ನನ್ನ ಅಬ್ಬನನ್ನು ನಾನು ಎಲ್ಲಿ ಹುಡುಕುದು ಆಂಟಿ?" ಎಂದಳು. ಆಮೇಲೆ ಎದ್ದು, "ಟ್ಯಾಕ್ಸಿ ಎಂತಕ್ಕೆ? ಮಂಗಳವಾರ ನಂಗೆ ಮಧ್ಯಾಹ್ನದ ಮೇಲೆ ಡ್ಯೂಟಿ. ಬೆಳಿಗ್ಗೆ ಹೋಗಿ ಬರುವ" ಎಂದಳು.

ಮಂಗಳವಾರ ಎಂಬೆಸಿಯ ಕೌಂಟರಿನಲ್ಲಿದ್ದ ಅಧಿಕಾರಿ ಹಾಳೆಗಳನ್ನು ತಿರುವಿ, "ಪೂರಾ ಪಢ್ ಲಿಯಾ, ಮಾತಾಜಿ?" ಎಂದರು. ಓದಿದ್ದೇನೆ ಎಂದೆ. ಅವರ ಎದುರಿಗೇ ಸಹಿ ಹಾಕಿದೆ, ಮುದ್ರೆ ಬಿತ್ತು. ಹೊರಗೆ ಬಂದಾಗ ಅಸೀಫಾ, "ಖಲಾಸ್ ಆಂಟಿ, ಆಯ್ತಲ್ಲ" ಎಂದು ನನ್ನ ಕೈ ಹಿಡಿದುಕೊಂಡಳು. 

ಇವತ್ತು ಶುಕ್ರವಾರ, ಇಲ್ಲಿ ರಜೆ, ಚರ್ಚುಗಳಿಗೆಲ್ಲ ಜನ ಹೋಗುವ ದಿನ. ನನ್ನನ್ನು ಅಲ್ಲಿಗೂ ಬಿಟ್ಟು ಬಾ ಎಂದು ಅಸೀಫಾಳನ್ನೇ ಕೇಳಿದೆ. ಊರ ಹೊರಗೆ ಒಂದೇ ಕಾಂಪೌಂಡಿನಲ್ಲಿ ಎಲ್ಲ ಪಂಗಡದವರ ಚರ್ಚುಗಳಿವೆ. ಗೇಟಿನಲ್ಲಿ ಬ್ಯಾಗು ನೋಡಿ ಒಳಗೆ ಬಿಟ್ಟರು. ಹೊರಗೆ ಶಿಲುಬೆ ಇಲ್ಲ, ಗೋಪುರವಿಲ್ಲ, ಯಾವುದೋ ದೊಡ್ಡ ಸಭಾಂಗಣದ ಹಾಗಿದೆ. ಒಳಗೆ ಹೋದರೆ ಸಾವಿರಾರು ಜನ. ಫಿಲಿಪ್ಪೀನ್ಸಿನವರು, ಮಲೆಯಾಳಿಗಳು, ಗೋವಾದವರು. ಕುಂಕುಮ ಇಟ್ಟುಕೊಂಡ ನನಗೆ ಒಬ್ಬ ಹುಡುಗಿ ಎದ್ದು ಜಾಗ ಕೊಟ್ಟಳು. ಮಾರಿಸನ ಹೆಸರಿನಲ್ಲಿ ಒಂದು ಬತ್ತಿ ಹಚ್ಚಿದೆ. ನಿಮ್ಮ ಪ್ರಾರ್ಥನೆ ಇಷ್ಟು ವರ್ಷ ಕೇಳಿ ಕೇಳಿ ನನಗೂ ಬಾಯಿಗೆ ಬರುತ್ತದೆ, ಆದರೆ ಹೇಳಲಾಗಲಿಲ್ಲ. "ವೆಂಕಮ್ಮ" ಎಂದಷ್ಟೇ ಹೇಳಿದೆ. ನೂರ ನಲವತ್ತೆಂಟು ವರ್ಷಗಳಲ್ಲಿ ಒಂದು ಚರ್ಚಿನೊಳಗೆ ನಮ್ಮ ಮನೆಯವರು ಅವಳ ಹೆಸರು ಹೇಳಿದ್ದು ಅದೇ ಮೊದಲು.

ಬರುವ ಗುರುವಾರ ಅಸೀಫಾ ರಜೆಗೆ ಹೊರಡುತ್ತಾಳೆ. ಮಗಳು ಬೆಂಗಳೂರಿನಲ್ಲಿ ಓದುತ್ತಿರುವುದರಿಂದ ಮೊದಲು ಅಲ್ಲಿಗೇ ಹೋಗುತ್ತಾಳೆ. ಕಡತ, ಪ್ರಮಾಣಪತ್ರ, ಈ ಕಾಗದ, ಮೂರನ್ನೂ ಅವಳ ಕೈಚೀಲದಲ್ಲಿಡುತ್ತೇನೆ, ಲಗೇಜಿನಲ್ಲಲ್ಲ. ಚೌರಪ್ಪ ವಿಮಾನ ನಿಲ್ದಾಣಕ್ಕೆ ಬಂದು ತೆಗೆದುಕೊಳ್ಳಲಿ, ಅವನ ನಂಬರ್ ಕೊಟ್ಟಿದ್ದೇನೆ. ಕಡತದ ಹಾಳೆ ಬಹಳ ಜೀರ್ಣವಾಗಿದೆ, ನೋಡುವಾಗ ಜೋಪಾನ. ಕೊನೆಯ ಪುಟದ ಕೆಳಗಿನ ಸಾಲನ್ನು ನೀನೇ ಮೊದಲು ನೋಡಬೇಕೆಂದು ನನ್ನ ಆಸೆ.

ಚೌರಪ್ಪನಿಗೂ ಅವನ ಹೆಂಡತಿಗೂ ನನ್ನ ಆಶೀರ್ವಾದ. ಅವರ ಮಗಳು ನರ್ಸಿಂಗ್ ಮುಗಿಸಿ ಒಳ್ಳೆಯ ಕಡೆ ಸೇರಲಿ, ಅವಳ ತಾತನ ತಾಳ್ಮೆ ಅವಳಿಗೆ ಬರಲಿ. ನಿನ್ನನ್ನು ಸಂತ ಅನ್ನಮ್ಮನೂ ನನ್ನ ಮನೆದೇವರೂ ಸೇರಿ ಕಾಯಲಿ. ಚಳಿಗಾಲ ಬರುತ್ತಿದೆ, ಕಿವಿಗೆ ಮಫ್ಲರ್ ಕಟ್ಟಿಕೊಂಡೇ ಪೂಜೆಗೆ ಹೋಗು. ಉತ್ತರ ಬರೆ ಎಂದು ಕೇಳುವ ಹಕ್ಕು ನನಗಿಲ್ಲ.

ನಿನ್ನ
ಲಲಿತಾ

ಮರುಬರಹ. ಭಾನುವಾರ, ನವೆಂಬರ್ ೧೬.

ಕಾಗದವನ್ನು ಕವರಿನಲ್ಲಿಟ್ಟು ಅಂಟಿಸಿದ್ದೆ. ಈಗ ಕತ್ತರಿಸಿ ತೆಗೆದು ಇದನ್ನು ಸೇರಿಸುತ್ತಿದ್ದೇನೆ.

ಓದದೆ ಸಹಿ ಹಾಕಿದೆ ಎಂದು ಪ್ರಮಾಣಪತ್ರದಲ್ಲಿದೆ. ನಿನಗೂ ಮೇಲೆ ಹಾಗೇ ಬರೆದೆ. ಅದು ಸುಳ್ಳು ಮಟಿಲ್ಡಾ. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು. ಎರಡು ಹಾಳೆ, ಎರಡು ಸಲ ಓದಿದೆ. "ಸದರಿ ದಿಬ್ಬದಲ್ಲಿ ನನ್ನ ತಿಳಿವಳಿಕೆಯಂತೆ ಯಾವುದೇ ಸ್ಮಸಾನವಾಗಲಿ ಸಮಾಧಿಗಳಾಗಲಿ ಇರುವುದಿಲ್ಲ" ಎಂದು ಯಾರೋ ಟೈಪ್ ಮಾಡಿದ್ದರು. ನಾನು ಪೆನ್ನು ತೆಗೆದುಕೊಂಡು 'ಸ್ಮಸಾನ'ದ ಎರಡನೆಯ ಸ ಹೊಡೆದು ಮೇಲೆ ಶ ಬರೆದೆ. ಅಂಚಿನಲ್ಲಿ ಚಿಕ್ಕ ಸಹಿ ಮಾಡಿದೆ. "ಏನಪ್ಪ ಇದು, ಕಚೇರಿಯವರಿಗೆ ಇಷ್ಟೂ ಬರಲ್ವಾ" ಎಂದು ಮುದ್ದುಕೃಷ್ಣನನ್ನು ನೋಡಿ ನಕ್ಕೆ ಕೂಡ. ನಕಲು ಬಂದಾಗ ಎರಡನೆಯ ಹಾಳೆ ನೋಡು. ನನ್ನ ಶ ನಿನಗೆ ಗುರುತು ಸಿಗುತ್ತದೆ. ಅದಕ್ಕೆ ಮೊದಲು ನನ್ನಿಂದಲೇ ಗೊತ್ತಾಗಲಿ.

ಪ್ರಮಾಣಪತ್ರದಲ್ಲಿ ಒಂದು ಸುಳ್ಳಿದೆ ಎಂದು ಗೊತ್ತಿದ್ದೇ ಎಂಬೆಸಿಯಲ್ಲಿ ಸಹಿ ಹಾಕಿದೆ. ಕೋರ್ಟಿಗೆ ಅದು ಬೇಕಾದರೆ ಬಳಸಿಕೊಳ್ಳಿ. ಈ ಹಾಳೆಯನ್ನೂ ಕೊಡಬೇಕೆನ್ನಿಸಿದರೆ ಕೊಡು, ನಾನು ಬಂದು ಒಪ್ಪಿಕೊಳ್ಳುತ್ತೇನೆ. ಅದು ನಿನಗೆ ಬಿಟ್ಟದ್ದು.

ಏಕೆ ಹಾಕಿದೆ ಎಂದು ನೀನು ಕೇಳುತ್ತೀ. ಅವನು ಹೆದರಿಸಲಿಲ್ಲ, ಬೇಡಿಕೊಳ್ಳಲಿಲ್ಲ. ನಿಮ್ಮ ಮೇಲೆ ನನಗೆ ಕೋಪ ಇರಲಿಲ್ಲ. ಆಗ ನನಗೆ ಮಾರಿಸ್ ನೆನಪಾಗಲಿಲ್ಲ, ವೆಂಕಮ್ಮ ನೆನಪಾಗಲಿಲ್ಲ, ನೀನೂ ನೆನಪಾಗಲಿಲ್ಲ. ಇಲ್ಲ ಎಂದರೆ ಅವನು ಇನ್ನೂ ಅರ್ಧ ಗಂಟೆ ಕೂತು ಮಾತಾಡುತ್ತಾನೆ ಅನ್ನಿಸಿತು. ಸೂಟ್‌ಕೇಸ್ ಇನ್ನೂ ತುಂಬಿರಲಿಲ್ಲ. ಅವನು ಬೇಗ ಹೊರಟರೆ ಸಾಕಾಗಿತ್ತು.

ಅಷ್ಟೇ ಮಟಿಲ್ಡಾ. ಬೇರೆ ಕಾರಣ ಹುಡುಕಿದೆ. ಆರು ತಿಂಗಳು ಹುಡುಕಿದೆ. ಇಲ್ಲ.